ಡಾಕ್ಟರ ಕೋಟಿನ ಬಾಲ

"ಈ ಸಲದ ಚಳಿಗಾಲಕ್ಕೆ ನಾನು ಯಾರು ಅಂತ ತೋರಿಸ್ತೀನಿ!" ಎಂದು ದರ್ಜಿ ಮಾಸ್ಟರು ಕಂಬಳಿಯ ಒಳಗಿನಿಂದಲೇ ಘೋಷಿಸಿದರು. ಹೊರಗೆ ಬಂದು ಘೋಷಿಸಲು ಚಳಿ ಬಿಡಬೇಕಲ್ಲ!

ಘೋಷಣೆಯ ಮೂಲ ಡಾಕ್ಟರು. ಹಿಂದಿನ ವಾರ ಮಾಸ್ಟರ ಮಂಡಿ ಮಡಿಸಿ ನೋಡಿ, "ಈ ಚಳಿಗಾಲವೂ ಕೂತೇ ಕಳೆದರೆ ಕೀಲೆಲ್ಲ ಸೆಟೆದುಹೋಗುತ್ತೆ. ಆಮೇಲೆ ಮಷೀನಿನ ಆಸೆ ಬಿಟ್ಟುಬಿಡಿ. ದಿನಾ ನಡೀರಿ" ಅಂದಿದ್ದರು. ಮಷೀನಿಲ್ಲದ ಮಾಸ್ಟರು! ಹೊಲಿಗೆ ಬಿಟ್ಟರೆ ಅವರಿಗೆ ಗೊತ್ತಿದ್ದ ಇನ್ನೊಂದೇ ವಿದ್ಯೆ ನಿದ್ದೆ.

ಆದರೆ ನಡೆಯಲು ಬೀದಿಗಿಳಿಯಬೇಕು. ಬೀದಿಯ ತುಂಬಾ ಚಳಿ! ಮಾಸ್ಟರು ಯೋಚಿಸಿದರು, ಮಷೀನಿನ ಮೋಟಾರು ಬಿಚ್ಚಿ ಅಟ್ಟಕ್ಕೆಸೆದು, ಹಳೇ ಪೆಡಲ್ ಜೋಡಿಸಿದರು.

"ನೋಡೇ, ಕೈಗೆ ಕೆಲಸ, ಕಾಲಿಗೆ ವ್ಯಾಯಾಮ!"

"ಕೂತಲ್ಲೇ ನಡೆಯೋದನ್ನ ಕಂಡುಹಿಡಿದ ಮೊದಲನೇ ಗಂಡಸು ನೀವೇ ಕಣ್ರೀ," ಎಂದಳು ಹೆಂಡತಿ. ಬಾಗಿಲ ಸಂದಿಯ ಗಾಳಿಗೆ ಕೆಮ್ಮು ಹತ್ತೀತೆಂದು ಉದ್ದನೆಯ ಮಫ್ಲರನ್ನು ಅವರ ಕುತ್ತಿಗೆಗೆ ಸುತ್ತಿ, ಎದೆಯ ಮೇಲೆ ಅಡ್ಡ ಹಾಯಿಸಿ, ಬೆನ್ನ ಹಿಂದೆ ಬಿಗಿದು ಗಂಟು ಹಾಕಿದಳು. ಮಿಕ್ಕ ತುದಿ ಪಕ್ಕದಿಂದ ಮಡಿಲಿಗೆ ಇಳಿಬಿದ್ದಿತ್ತು.

ಆ ದಿನ ಮಷೀನಿನ ಮೇಲಿದ್ದದ್ದು ಡಾಕ್ಟರದೇ ಹೊಸ ಉಣ್ಣೆ ಕೋಟು. ಒಳಬಟ್ಟೆಯ ಅಂಚೊಂದು ಬಾಕಿ. ಮಾಸ್ಟರು ದಂಡೆತ್ತಿ ಹೊರಟವರ ಹಾಗೆ ಪೆಡಲ್ ತುಳಿದರು. ಹಣೆಯಲ್ಲಿ ಒಂದು ಹನಿ ಮೂಡಿತು.

"ಬಾರೇ ಇಲ್ಲಿ, ಬೆವರು! ಚಳಿಗಾಲದಲ್ಲಿ ಬೆವರು!" ಎಂದು ಅಡುಗೆಮನೆಯತ್ತ ಕತ್ತು ತಿರುಗಿಸಿ ಕೂಗಿದರು. ಕತ್ತು ತಿರುಗಿತು, ಕಾಲು ನಿಲ್ಲಲಿಲ್ಲ. ಸೂಜಿ ಕೋಟನ್ನೂ ಹೊಲಿಯಿತು, ಮಡಿಲಲ್ಲಿದ್ದ ಮಫ್ಲರನ್ನೂ ಹೊಲಿಯಿತು!

ಅಷ್ಟರಲ್ಲಿ ಡಾಕ್ಟರು ಬಂದರು. "ಆಯ್ತಾ ಮಾಸ್ಟ್ರೇ? ಬೇಗ ಕೊಡಿ, ಕ್ಲಿನಿಕ್ಕಿಗೆ ಹೊತ್ತಾಯ್ತು."

ಮಾಸ್ಟರು ಗಡಿಬಿಡಿಯಲ್ಲಿ ಹೊಲಿಗೆ ನೋಡದೆಯೇ ದಾರ ಕತ್ತರಿಸಿ, ಹಿಂದೆ ನಿಂತು ಭಕ್ತಿಯಿಂದ ಕೋಟು ಹಿಡಿದರು. ಡಾಕ್ಟರು ತೋಳು ತೂರಿಸಿದರು, "ಭೇಷ್" ಅಂದರು, ಹೊರಟೇಬಿಟ್ಟರು. ಮಷೀನಿನತ್ತ ಹೊರಳಿದ ಮಾಸ್ಟರ ಬೆನ್ನ ಗಂಟನ್ನು ಯಾರೋ ಜಗ್ಗಿದಂತಾಯಿತು. ತಿರುಗಿ ನೋಡಿದರೆ, ಅಯ್ಯೋ! ಡಾಕ್ಟರ ಕೋಟಿಗೆ ಬಾಲ. ಬಾಲದ ಕೊನೆಗೆ ತಾವು!

ಹೇಳಿಬಿಡಲೇ? ಗಿರಾಕಿಯ ಕೋಟಿಗೆ ತನ್ನನ್ನೇ ಹೊಲಿದುಕೊಂಡವನು ಅಂತ ಗೊತ್ತಾದರೆ ನಾಳೆ ದಿಂಬಿನ ಚೀಲವನ್ನಾದರೂ ಯಾರು ಕೊಡ್ತಾರೆ? ಗಂಟು ಬಿಚ್ಚೋಣವೆಂದು ಕೈ ಹಿಂದಕ್ಕೆ ಒಯ್ದರು. ವರ್ಷಗಟ್ಟಲೆ ಅಲುಗಾಡದ ಭುಜ ಅರ್ಧಕ್ಕೇ ಮುಷ್ಕರ ಹೂಡಿತು.

ನಡೆಯದೆ ಬೇರೆ ದಾರಿಯೇ ಇರಲಿಲ್ಲ.

"ಅರೆ, ನೀವೂ ಬಂದ್ರಾ?"

"ನೀವೇ ಹೇಳಿದ್ರಲ್ಲ ಸಾರ್, ದಿನಾ ನಡೀರಿ ಅಂತ!"

"ಭಲೇ! ಮತ್ತೆ ಹಿಂದೆ ಯಾಕೆ? ಪಕ್ಕದಲ್ಲಿ ಬನ್ನಿ."

"ನಿಮ್ಮ ಪಕ್ಕ ನಡೆಯೋ ಯೋಗ್ಯತೆ ನಮಗೆಲ್ಲಿ ಸಾರ್!"

ಖುಷಿಯಾದ ಡಾಕ್ಟರು ಹೆಜ್ಜೆ ಬೀಸಿದರು. ಅವರು ಗುಂಡಿ ದಾಟಿದರೆ ಮಾಸ್ಟರೂ ಹಾರಬೇಕು. ಅವರು ತಿರುವಿನಲ್ಲಿ ಓಡಿದರೆ ಮಾಸ್ಟರೂ ಓಡಬೇಕು. ಮೂಗು ಮರಗಟ್ಟಿತು, ಉಸಿರು ಹೊಗೆಯಾಯಿತು, ಕಣ್ಣಲ್ಲಿ ನೀರು. "ದಾರವೇ, ನನ್ನಪ್ಪಾ, ಕಿತ್ತುಹೋಗು!" ಎಂದು ಬೇಡಿಕೊಂಡರು. ಎಲ್ಲಿ ಕೀಳುತ್ತೆ? ಜಗ್ಗಿದಷ್ಟೂ ಗಟ್ಟಿ! ಜನ್ಮದಲ್ಲಿ ಮೊದಲ ಬಾರಿಗೆ ಮಾಸ್ಟರು ತಮ್ಮ ಕೈಕೆಲಸಕ್ಕೆ ಹಿಡಿಶಾಪ ಹಾಕಿದರು.

ಕ್ಲಿನಿಕ್ಕಿನ ಮೆಟ್ಟಿಲ ಹತ್ತಿರ ಹಿಂದಿನಿಂದ ಕೂಗು ಕೇಳಿಸಿತು. ಬೆವರು ನೋಡಲು ಬಂದು ಬಾಗಿಲಿಂದಲೇ ಬಾಲ ಕಂಡ ಹೆಂಡತಿ, ಕೈಯಲ್ಲಿ ಕತ್ತರಿ!

"ಡಾಕ್ಟ್ರೇ, ನಿಲ್ಲಿ! ನಿಮ್ಮ ಕೋಟಿಗೆ ನಮ್ಮ ಯಜಮಾನ್ರನ್ನೂ ಸೇರಿಸಿ ಹೊಲಿಗೆ ಬಿದ್ದಿದೆ!"

ಬೀದಿಗೆ ಬೀದಿಯೇ ಕೇಳಿಸಿಕೊಂಡಿತು. ಡಾಕ್ಟರು ಗಿರ್ರನೆ ತಿರುಗಿದರು. ಮಾಸ್ಟರೂ ಅವರ ಸುತ್ತ ಒಂದು ಪ್ರದಕ್ಷಿಣೆ ಮುಗಿಸಿದರು.

"ಕತ್ತರಿಸೇ, ನಿನ್ನ ಕಾಲಿಗೆ ಬೀಳ್ತೀನಿ!"

"ತಡೀರಮ್ಮ," ಎಂದರು ಡಾಕ್ಟರು. ಬಗ್ಗಿ ಮಾಸ್ಟರ ಮಂಡಿ ಒತ್ತಿದರು, ಮಡಿಸಿದರು, ಬಿಡಿಸಿದರು. ಮುಖ ಅರಳಿತು. "ನಡೀರಿ ಅಂತ ಊರಿಗೆಲ್ಲ ಹೇಳಿ ಸಾಕಾಗಿದೆ. ನನ್ನ ಮಾತು ನಡೆಸಿಕೊಟ್ಟವರು ಇವರೊಬ್ಬರೇ, ಅದೂ ಕಟ್ಟಿ ಎಳೆದದ್ದಕ್ಕೆ! ಗಂಟು ಮಾತ್ರ ಬಿಚ್ಚಿ, ಹೊಲಿಗೆ ಹಾಗೇ ಇರಲಿ. ನಾಳೆ ಬೆಳಿಗ್ಗೆ ಇದೇ ಕೋಟು ಹಾಕ್ಕೊಂಡು ಬರ್ತೀನಿ. ಚಳಿಗಾಲ ಮುಗಿಯೋವರೆಗೂ ದಿನಾ ಇವರನ್ನ ಕಟ್ಟಿ ಕಳಿಸಿ."

"ಆ ಹೊಲಿಗೆ ಅಷ್ಟು ದಿನ ಎಲ್ಲಿ ತಡೆಯುತ್ತೆ ಸಾರ್!" ಎಂದು ಮಾಸ್ಟರು ಕೊನೆಯ ಆಸೆಯಿಂದ ಹೆಂಡತಿಯ ಮುಖ ನೋಡಿದರು.

"ಯೋಚನೆ ಬೇಡ ಡಾಕ್ಟ್ರೇ," ಎಂದಳು ಆಕೆ, ಕತ್ತರಿಯನ್ನು ಸೆರಗಿನಲ್ಲಿ ಸುತ್ತಿಕೊಳ್ಳುತ್ತ. "ಯಜಮಾನ್ರ ಹೊಲಿಗೆ ಮೇಲೆ ನನಗೆ ಪೂರ್ತಿ ನಂಬಿಕೆ. ನಂಬಿಕೆ ಇಲ್ಲದ್ದು ಯಜಮಾನ್ರ ಮೇಲೆ. ನಾಳೆಯಿಂದ ಎರಡು ಗಂಟು ಹಾಕ್ತೀನಿ!"