ಬೋರ್ಡಿನ ಮೇಲೆ ಕಾಡಿಗೆ

ನನ್ನ ಹೆಂಡತಿಯ ಹೊಸ ಅಂಗಡಿಯ ಬೋರ್ಡಿನಲ್ಲಿ ಅಪಾಸ್ಟ್ರಫಿ ಇರಲಿಲ್ಲ. ಇದರಿಂದ ಒಂಟಿಕೊಪ್ಪಲಿನಲ್ಲಿ ಯಾರ ನಿದ್ದೆಯೂ ಕೆಟ್ಟಿರಲಿಲ್ಲ, ನನ್ನದೊಂದನ್ನು ಬಿಟ್ಟು. ಇಂಗ್ಲಿಷ್ ಪತ್ರಿಕೆಯ ಡೆಸ್ಕಿನಲ್ಲಿ ಕೂತು ಊರವರ ಬರಹ ತಿದ್ದುತ್ತ ತಲೆ ನರೆಸಿಕೊಂಡವನು ನಾನು. ನನ್ನ ಮನೆಯ ಮುಂದೆಯೇ ಕೆಂಪು ಇಂಗ್ಲಿಷ್ ಅಕ್ಷರಗಳಲ್ಲಿ ‘ಭವ್ಯಾಸ್ ಬ್ಲೌಸಸ್’ ಎಂದು ಬೋಳುಬೋಳಾಗಿ ನಿಂತಿತ್ತು. ಅಂಗಡಿ ಭವ್ಯಳದು ಎಂದು ಸಾರುವ ಆ ಕೊಂಕು ಚುಕ್ಕೆ ಮೊದಲ ಪದದಲ್ಲಿ ಇರಲೇಬೇಕು. ಎರಡನೆಯದರಲ್ಲಿ ಇರಕೂಡದು, ಅದು ಬರೀ ಬಹುವಚನ. (ಇದನ್ನು ವಿವರಿಸಿದಾಗಲೆಲ್ಲ ಹೆಂಡತಿ ಹೊಲಿಗೆ ಮಿಷನ್ನನ್ನು ಜೋರಾಗಿ ತುಳಿಯುತ್ತಿದ್ದಳು.)

“ಇವತ್ತು ಅಂಗಡಿ ಪೂಜೆ ಕಣ್ರೀ. ನಿಮ್ಮ ಚುಕ್ಕೆ ಬರದಿದ್ರೂ ಪರವಾಗಿಲ್ಲ, ನಮ್ಮಮ್ಮ ಬಂದ್ರೆ ಸಾಕು” ಎಂದಳು ಭವ್ಯಶ್ರೀ.

ಅಮ್ಮ ಬರುವುದೇ ಅನುಮಾನವಾಗಿತ್ತು. ಮಗಳು ಊರವರ ರವಿಕೆ ಹೊಲಿಯುವುದು ನನ್ನ ಅತ್ತೆ ಪುಟ್ಟತಾಯಮ್ಮನವರಿಗೆ ಹಿಡಿಸಿರಲಿಲ್ಲ. ಸಾಕಲಾರದ ಅಳಿಯ ಹೆಂಡತಿಯನ್ನು ದುಡಿಯಲು ಹಚ್ಚಿದ್ದಾನೆ ಎಂದು ನೆಂಟರಿಗೆಲ್ಲ ಹೇಳಿಕೊಂಡು ಬಂದಿದ್ದರು.

ಬೋರ್ಡ್ ಬರೆದ ರುದ್ರಸ್ವಾಮಿಗೆ ಫೋನ್ ಮಾಡಿದೆ. ಅವರು ನಂಜನಗೂಡಿನಲ್ಲಿ ಮದುವೆ ಊಟಕ್ಕೆ ಕೂತಿದ್ದರು. ಒಂದು ಚುಕ್ಕೆಗಾಗಿ ಎಲೆ ಬಿಟ್ಟು ಏಳಲಾರೆ ಎಂದರು. ನಾನು ಮಣಿಯಲಿಲ್ಲ. ಮನೆಯಲ್ಲಿ ಕೆಂಪು ಬಣ್ಣವಿರಲಿಲ್ಲ, ಹರಳೆಣ್ಣೆಯ ಕಾಡಿಗೆ ಇತ್ತು. ಸ್ಟೂಲು ಹತ್ತಿ, ಉಸಿರು ಬಿಗಿಹಿಡಿದು, ಸರಿಯಾದ ಜಾಗದಲ್ಲಿ ಸರಿಯಾದ ಚುಕ್ಕೆ ಇಟ್ಟೆ. ವ್ಯಾಕರಣ ಪುರುಷನಿಗೆ ಪ್ರಾಣ ಬಂತು.

ಕೆಳಗೆ ನೋಡಿದರೆ ಆಟೋ ಇಳಿದ ಅತ್ತೆ ನಿಂತಿದ್ದಾರೆ. ಬೈದು ಹೋಗಲೆಂದೇ ಬಂದಂತಿತ್ತು. ಆದರೆ ನನ್ನ ಕಾಡಿಗೆ ಬೆರಳನ್ನು ನೋಡಿದರು, ಬೋರ್ಡನ್ನು ನೋಡಿದರು, ಕಣ್ಣು ಒರೆಸಿಕೊಂಡರು.

“ನೋಡ್ದೇನಮ್ಮ ಭವ್ಯ, ನಿನ್ ಅಂಗಡಿಗೆ ಕಣ್ ಬೀಳ್ಬಾರ್ದು ಅಂತ ಅಳಿಯಂದ್ರು ತಾವೇ ದೃಷ್ಟಿಬೊಟ್ಟು ಇಟ್ಟವ್ರೆ. ನಾನೇ ಇವ್ರನ್ನ ಏನೇನೋ ಅಂದ್ಬುಟ್ಟಿದ್ದೆ.”

ಇದು ದೃಷ್ಟಿಬೊಟ್ಟಲ್ಲ, ಷಷ್ಠೀ ವಿಭಕ್ತಿ ಎನ್ನಲು ಬಾಯಿ ತೆರೆದೆ. ಹೆಂಡತಿ ನನ್ನನ್ನು ನೋಡಿದಳು. ಮದುವೆಯಾದಂದಿನಿಂದ ಆ ನೋಟದ ಅರ್ಥ ಓದುವುದರಲ್ಲಿ ನಾನು ತಪ್ಪು ಮಾಡಿಲ್ಲ. ಬಾಯಿ ಮುಚ್ಚಿದೆ.

ಒಂದು ಬೊಟ್ಟು ಸಾಲದು, ಆ ತುದಿಗೂ ಇಡಿ ಎಂದರು ಅತ್ತೆ. ಆ ತುದಿ ಎಂದರೆ ಬ್ಲೌಸಸ್ ಪದದ ಕೊನೆಯ ಎಸ್. ಯಾರ ತಪ್ಪನ್ನೂ ಬಿಡದೆ ತಿದ್ದಿದ ಈ ಕೈಯಿಂದಲೇ, ಆ ತುದಿಯ ಮೇಲಷ್ಟೇ ಚಾಚಿದ ಸಜ್ಜೆಯ ನೆರಳಿನಲ್ಲಿ, ಆ ಘೋರ ಅಪಾಸ್ಟ್ರಫಿಯನ್ನು ಇಟ್ಟೆ. ಅತ್ತೆ ಒಳಗೆ ಬಂದು ದೀಪ ಹಚ್ಚಿದರು, ಮೊದಲ ರವಿಕೆಯ ಅಳತೆಯನ್ನೂ ಕೊಟ್ಟರು. ಭವ್ಯಶ್ರೀ ಅಷ್ಟು ನಕ್ಕಿದ್ದನ್ನು ನಾನು ಈಚೆಗೆ ಕಂಡಿರಲಿಲ್ಲ.

ಮೊನ್ನೆಯ ಗಾಳಿಮಳೆಗೆ ಸರಿಯಾದ ಚುಕ್ಕೆ ತೊಳೆದುಹೋಯಿತು. ಸಜ್ಜೆಯ ಕೆಳಗಿದ್ದ ತಪ್ಪು ಚುಕ್ಕೆ ಮಾತ್ರ ಒಂದಿಷ್ಟೂ ಅಳುಕದೆ ನಿಂತಿತ್ತು. ನಾನು ಸ್ಟೂಲು ತಂದೆ, ಕಾಡಿಗೆ ಡಬ್ಬಿ ತೆರೆದೆ. ಹೊಲಿದ ರವಿಕೆ ಒಯ್ಯಲು ಬಂದಿದ್ದ ಅತ್ತೆ ಕೈ ಹಿಡಿದು ತಡೆದರು.

“ಬುಡಿ ಅಳಿಯಂದ್ರೆ. ಬಿದ್ದ ಕಣ್ಣೆಲ್ಲ ಆ ಬೊಟ್ಟೇ ಎಳ್ಕಂಡು ಒಂಟೋಗದೆ. ಆ ಜಾಗದಲ್ಲಿ ಇನ್ನು ಯಾವತ್ತೂ ಇಡ್ಬಾರ್ದು.”

ನಾನು ಹೆಂಡತಿಯ ಕಡೆ ನೋಡಿದೆ. ಅವಳು ಆಗಲೇ ಸ್ಟೂಲನ್ನು ಒಳಗಿಡುತ್ತಿದ್ದಳು.