ಐವತ್ತೆರಡು ದಿನದ ರಜೆ

ಎಲ್ಲ ರಗಳೆಗೂ ಕಾರಣ ಶಾಲೆಯ ಡೈರಿಯ ಕೊನೆಯ ಪುಟದಲ್ಲಿದ್ದ ಒಂದು ಸಾಲು: 'ಐದು ದಿನಕ್ಕಿಂತ ಹೆಚ್ಚಿನ ರಜೆಗೆ ಮುಖ್ಯೋಪಾಧ್ಯಾಯಿನಿಯವರ ಲಿಖಿತ ಒಪ್ಪಿಗೆ ಕಡ್ಡಾಯ.' ನಕ್ಷೆರಾಯರು ಅದನ್ನು ಓದಿದ್ದು ಆ ದಿನ ಬೆಳಿಗ್ಗೆ, ಹಲ್ಲುಜ್ಜುತ್ತ. ಅವರಿಗೆ ಬೇಕಾಗಿದ್ದದ್ದು ಐದು ದಿನವಲ್ಲ, ಐವತ್ತೆರಡು.

ನಕ್ಷೆರಾಯ ಎನ್ನುವುದು ನೀರು ಸರಬರಾಜು ಕಚೇರಿಯವರು ಇಟ್ಟ ಹೆಸರು. ಕೊಳಾಯಿ ಪೈಪುಗಳ ನಕ್ಷೆ ಬರೆಯುವ ಈ ಮನುಷ್ಯ ತನ್ನ ಮೇಜಿನ ಗಾಜಿನಡಿ ದಕ್ಷಿಣ ಅಮೆರಿಕದ ನಕ್ಷೆ ಇಟ್ಟು, ಹನ್ನೊಂದು ವರ್ಷ ಅದನ್ನೇ ನೋಡುತ್ತ ಬುತ್ತಿ ಉಂಡಿದ್ದರು. ಹಡಗಿನಲ್ಲಿ ಆ ಖಂಡ ಸುತ್ತಬೇಕು, ಹೆಂಡತಿ ಮಕ್ಕಳಿಗೆ ಪೆಂಗ್ವಿನ್ ತೋರಿಸಬೇಕು, ಇದೊಂದೇ ಆಸೆ. ಅದಕ್ಕಾಗಿ ಜ್ವರ ಬಂದಾಗಲೂ ಮಫ್ಲರ್ ಸುತ್ತಿಕೊಂಡು ಕೆಲಸಕ್ಕೆ ಹೋಗಿ ರಜೆ ಕೂಡಿಟ್ಟಿದ್ದರು. ಕಚೇರಿಯ ರಜೆ ನಿನ್ನೆಯಷ್ಟೇ ಮಂಜೂರಾಗಿತ್ತು. ಹಡಗಿನಲ್ಲಿ ನಾಲ್ವರು ಮಲಗುವ ಕೋಣೆ ಒಂದೇ ಒಂದು ಉಳಿದಿತ್ತು. ಇವತ್ತು ಸಂಜೆ ಐದರವರೆಗೆ ಅದನ್ನು ಯಾರಿಗೂ ಕೊಡುವುದಿಲ್ಲ ಎಂದು ಪ್ರವಾಸದ ಏಜೆಂಟ್ ಮಾತು ಕೊಟ್ಟಿದ್ದ.

"ರೀ, ಶಾಲೆ ಪತ್ರ ಕೈಗೆ ಬರೋವರೆಗೂ ದುಡ್ಡು ಕಟ್ಟಬೇಡಿ," ಎಂದರು ಹೆಂಡತಿ. "ಮಕ್ಕಳ ಹೆಸರು ಹೊಡೆದು ಹಾಕಿದ್ರೆ ನಿಮ್ಮ ಪೆಂಗ್ವಿನ್ ಬಂದು ಸೀಟು ಕೊಡಿಸುತ್ತಾ?"

ಮೆಟ್ಟಿಲ ಬಳಿ ಕೆಳಮನೆಯ ರಿಟೈರ್ಡ್ ಪೋಸ್ಟ್‌ಮಾಸ್ಟರ್ ಕಾದು ನಿಂತಿದ್ದರು. ಮೇಲಿನ ಮನೆಯ ಸುದ್ದಿ ಇವರಿಗೆ ಮೇಲಿನ ಮನೆಯವರಿಗಿಂತ ಮೊದಲೇ ಗೊತ್ತಾಗುತ್ತದೆ.

"ರಾಯರೇ, ಬರೀ ಪ್ರವಾಸ ಅಂತ ಬರೆದ್ರೆ ಹರಿದು ಬಿಸಾಕ್ತಾರೆ. ಶೈಕ್ಷಣಿಕ ಪ್ರವಾಸ ಅನ್ನಿ. ದಿನಕ್ಕೆ ನಾಲ್ಕು ಗಂಟೆ ನಾನೇ ಪಾಠ ಹೇಳ್ತೀನಿ ಅಂತ ಸೇರಿಸಿ."

"ನಾಲ್ಕು ಗಂಟೆನಾ! ಸಮುದ್ರ ನೋಡೋದು ಯಾವಾಗ ಸಾರ್?"

"ಅಯ್ಯೋ, ನಡುನೀರಲ್ಲಿ ಯಾರ್ರೀ ಬಂದು ಪರೀಕ್ಷೆ ಮಾಡ್ತಾರೆ? ಬರೀರಿ ಸುಮ್ನೆ!"

ಗೋಡೆಗೆ ಕಾಗದ ಒತ್ತಿ ಹಿಡಿದು ಬರೆಸಿಯೇ ಬಿಟ್ಟರು. ಬೇಡವೆನ್ನಲು ರಾಯರಿಗೆ ಬಾಯಿ ಬರಲಿಲ್ಲ. ಅದು ಅವರಿಗೆ ಹುಟ್ಟಿನಿಂದಲೇ ಇದ್ದ ಕಾಯಿಲೆ.

ಶಾಲೆಯಲ್ಲಿ ಒಂದೂವರೆ ಗಂಟೆ ಬೆಂಚು ಬಿಸಿ ಮಾಡಿದ ಮೇಲೆ ಹೆಡ್‌ಮಿಸ್ಸು ಒಳಗೆ ಕರೆದರು.

"ವರ್ಷದ ಮಧ್ಯೆ ಐವತ್ತೆರಡು ದಿನ! ಶಾಲೆ ಏನು ಸಿಟಿ ಬಸ್ಸೇನ್ರೀ, ಬೇಕಾದಲ್ಲಿ ಹತ್ತಿ ಇಳಿಯೋಕೆ?"

ರಾಯರು ಹಡಗಿನ ಬಣ್ಣದ ಪುಸ್ತಿಕೆ ಮುಂದಿಟ್ಟರು. ಹೆಡ್‌ಮಿಸ್ಸು ಕನ್ನಡಕ ಒರೆಸಿಕೊಂಡು ಓದಿದರು, ಆಮೇಲೆ ವಿಚಾರಣೆ ಶುರು ಮಾಡಿದರು. ಹಡಗಿನಲ್ಲಿ ಡಾಕ್ಟರ್ ಇದ್ದಾರಾ? ತುಂಬಾ ಓಲಾಡುತ್ತಾ? ಕೋಣೆಗೆ ಕಿಟಕಿ ಇದೆಯಾ? ಮಂಡಿ ನೋವಿದ್ದವರಿಗೆ ಲಿಫ್ಟ್ ಇದೆಯಾ? ಮಕ್ಕಳ ಮಂಡಿಯ ಬಗ್ಗೆ ಈ ತಾಯಿಗೆ ಎಷ್ಟು ಕಾಳಜಿ ಎಂದು ರಾಯರ ಕಣ್ಣು ತುಂಬಿತು.

"ಏಜೆಂಟ್ ನಂಬರ್ ಬರೆದಿಟ್ಟು ಹೋಗಿ, ತುರ್ತಿಗೆ ಇರಲಿ. ಕೋಣೆ ಎಷ್ಟು ಗಂಟೆವರೆಗೆ ಹಿಡಿದಿಟ್ಟಿದ್ದಾನೆ?"

"ಐದರವರೆಗೆ ಮೇಡಂ. ದಯವಿಟ್ಟು..."

"ಆರು ಮೇಷ್ಟ್ರುಗಳ ಹತ್ರ ಐವತ್ತೆರಡು ದಿನದ ಪಾಠ ಬರೆಸಿ, ಸಹಿ ಹಾಕಿಸಿಕೊಂಡು ಬನ್ನಿ. ಆಮೇಲೆ ನೋಡೋಣ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇಲ್ಲಿ ಪೂಜಾರಿಗಳೇ ಆರು ಜನ. ಗಣಿತದ ಮೇಷ್ಟ್ರು ಮುನ್ನೂರು ಲೆಕ್ಕ ಕೊಟ್ಟರು. ವಿಜ್ಞಾನದ ಮಿಸ್ಸು ದಿನವೂ ಸಮುದ್ರದ ನೀರು ಎಷ್ಟು ತಣ್ಣಗಿದೆ ಎಂದು ಅಳೆದು ಬರೆಯಬೇಕೆಂದರು. ಡ್ರಿಲ್ ಮೇಷ್ಟ್ರು ಮಾತ್ರ ಮೈದಾನದ ತುದಿಯಲ್ಲಿದ್ದರು. ರಾಯರು ಅಲ್ಲಿಗೆ ಓಡುವಷ್ಟರಲ್ಲಿ ಈ ತುದಿಗೆ ಬಂದಿದ್ದರು.

ನಾಲ್ಕನೇ ಕ್ಲಾಸಿನ ಮಗ ಗೆಳೆಯರೊಂದಿಗೆ ಎದುರಾದ. "ಅಪ್ಪಾ, ಎಲ್ಲಾ ಮಿಸ್ಸುಗಳ ಹತ್ರಾನೂ ಬೈಸ್ಕೊಳ್ತಾ ಇದ್ದೀಯಂತೆ? ಏನು ಮಾಡ್ದೆ?"

"ನಿನ್ನನ್ನ ಹೆತ್ತೆ, ಹೋಗೋ ಕ್ಲಾಸಿಗೆ!"

ಏಳನೇ ಕ್ಲಾಸಿನ ಮಗಳಂತೂ ಕಂಡರೂ ಕಾಣದವಳಂತೆ ಮುಖ ತಿರುಗಿಸಿಕೊಂಡು ಹೋದಳು.

ನಾಲ್ಕೂಕಾಲಿಗೆ ಆರನೆಯ ಸಹಿ ಬಿತ್ತು. ಹೆಡ್‌ಮಿಸ್ಸು ಪಾಠದ ಪಟ್ಟಿಯನ್ನು ಒಂದೊಂದೇ ಸಾಲಿಗೆ ಬೆರಳಿಟ್ಟು ಓದಿದರು. ಸೀಲು ಇರಲಿಲ್ಲ, ಹುಡುಕಿಸಿದರು. ಸೀಲು ಸಿಕ್ಕಿತು, ಇಂಕು ಒಣಗಿತ್ತು. ರಾಯರಿಗೆ ಮೈಯೆಲ್ಲ ಉರಿಯುತ್ತಿತ್ತು, ಆದರೂ ಹಲ್ಲು ಕಿರಿದು ನಿಂತಿದ್ದರು. ಪತ್ರ ಕೈಗೆ ಬಂದಾಗ ಐದಕ್ಕೆ ಎರಡೇ ನಿಮಿಷ. ಓಡುತ್ತಲೇ ಏಜೆಂಟನಿಗೆ ಫೋನ್ ಮಾಡಿದರು. ಲೈನ್ ಬಿಜಿ. ಮತ್ತೆ ಮಾಡಿದರು. ಮತ್ತೆ ಬಿಜಿ.

ಐದೂ ಹತ್ತಕ್ಕೆ ಏಜೆಂಟನ ಮುಂದೆ ಏದುಸಿರು ಬಿಡುತ್ತ ನಿಂತರು.

"ಛೆ ಸಾರ್! ಐದಾಗ್ತಿದ್ದ ಹಾಗೇ ಆ ಕೋಣೆ ಹೋಯ್ತು. ಯಾರೋ ಒಬ್ರು ಮೇಡಂ, ಐದಕ್ಕೆ ಎರಡು ನಿಮಿಷ ಇರೋವಾಗ್ಲೇ ಫೋನ್ ಮಾಡಿ ಲೈನಲ್ಲೇ ಕಾಯ್ತಾ ಕೂತಿದ್ರು."

ಹನ್ನೊಂದು ವರ್ಷದ ಕನಸು ಹತ್ತು ನಿಮಿಷಕ್ಕೆ ಹೋಗಿತ್ತು. ರಾಯರಿಗೆ ಅಳು ಬಂತು, ಅಳಲಿಲ್ಲ. ಮಕ್ಕಳ ಓದಾದರೂ ಕೆಡದಿರಲಿ ಎಂದು ಕಾಲೆಳೆದುಕೊಂಡು ಶಾಲೆಗೇ ವಾಪಸಾದರು. ಹೆಡ್‌ಮಿಸ್ಸು ಮನೆಗೆ ಹೋಗಿದ್ದರು. ಗುಮಾಸ್ತ ಬೀಗ ಹಾಕುತ್ತಿದ್ದ.

"ಪ್ರವಾಸ ರದ್ದಾಯ್ತು ಕಣಪ್ಪಾ. ಈ ರಜಾನೂ ರದ್ದು ಮಾಡ್ಬಿಡು."

"ಆಗಲ್ಲ ಸಾರ್. ಸೀಲು ಬಿದ್ಮೇಲೆ ಹಾಜರಿ ಪುಸ್ತಕದಲ್ಲಿ ಆ ಐವತ್ತೆರಡು ದಿನಕ್ಕೂ ಗೆರೆ ಎಳೆದಾಯ್ತು. ಮಕ್ಕಳು ಬಂದ್ರೂ ಕ್ಲಾಸಿಗೆ ಸೇರಿಸೋ ಹಾಗಿಲ್ಲ."

"ಮತ್ತೆ ಅವರ ಪಾಠ?"

"ದಿನಾ ನಾಲ್ಕು ಗಂಟೆ ನೀವೇ ಹೇಳಿಕೊಡ್ತೀನಿ ಅಂತ ಬರೆದಿದ್ದೀರಲ್ಲ! ಮನೇಲೇ ಹೇಳ್ಕೊಡಿ."

ರಾಯರು ಅಲ್ಲೇ ಮೆಟ್ಟಿಲ ಮೇಲೆ ಕುಸಿದರು. "ಇದಕ್ಕೆ ಏನೂ ದಾರಿನೇ ಇಲ್ವಾ?"

"ಇದೆ. ರಜೆ ಶುರುವಾದ ಮೇಲೆ ಮೊಟಕು ಮಾಡಿಸಬಹುದು, ಅದೇ ನಿಯಮ. ಆದ್ರೆ ಅದಕ್ಕೆ ಮೇಡಂ ಸಹೀನೇ ಆಗಬೇಕು," ಎಂದು ಗುಮಾಸ್ತ ಬೀಗ ಜಗ್ಗಿ ನೋಡಿದ. "ಮಕ್ಕಳ ರಜೆ ಶುರುವಾಗೋ ದಿನದಿಂದ್ಲೇ ಅವರೂ ಐವತ್ತೆರಡು ದಿನ ರಜೆ ಸಾರ್. ಗಂಡ, ಮೊಮ್ಮಕ್ಕಳ ಜೊತೆ ಅದೆಲ್ಲೋ ಹಡಗಲ್ಲಿ ಹೋಗ್ತಾರಂತೆ. ಕೊನೇ ಗಳಿಗೇಲಿ ಒಂದೇ ಒಂದು ಕೋಣೆ ಸಿಕ್ತಂತೆ, ಪುಣ್ಯವಂತರು!"