ಮಾವನ ಸ್ಕೂಟರಿಗೊಂದು ಜೋಡಿ

ನನ್ನ ಸೋದರಮಾವನಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ, ಅವರ ಗಾಡಿಯ ನಂಬರು ಮಾತ್ರ ಸತ್ತರೂ ಮರೆಯುವುದಿಲ್ಲ! ಮೈಸೂರಿನಿಂದ ವಡೋದರಕ್ಕೆ ಬಂದು, ಮಕರಪುರದ ಕಾರ್ಖಾನೆಯೊಂದರಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು. ಈಗ ಮಂಜಲ್‌ಪುರದ ಮನೆಯ ಗೇಟಿನಲ್ಲಿ ನಿಂತು ಹೋಗಿಬರುವ ಗಾಡಿಗಳ ಜಾತಕ ನೋಡುತ್ತಾರೆ.

ಎದುರುಮನೆಯ ಮೋಟಾಭಾಯಿಯ ಕಾರಿನದು ಅವಿಭಾಜ್ಯ ಸಂಖ್ಯೆ. ಒಂದು ಮತ್ತು ತಾನು, ಇವೆರಡರ ಹೊರತು ಯಾವುದರಿಂದಲೂ ಭಾಗವಾಗದ ಜಾತಿ. "ಅದಕ್ಕೇ ನೋಡು, ಸೊಸೈಟಿ ಮೀಟಿಂಗಲ್ಲಿ ಆತ ಯಾರ ಜೊತೆಗೂ ಸೇರಲ್ಲ," ಎನ್ನುತ್ತಾರೆ ಮಾವ. ಪಾಪ, ಮೋಟಾಭಾಯಿ ಆ ಕಾರು ಕೊಂಡದ್ದು ಮೊನ್ನೆ ಮೊನ್ನೆ. ಮೀಟಿಂಗಿನ ಜಗಳ ಶುರುವಾಗಿ ಯಾವ ಕಾಲವಾಯಿತೋ!

ಮಾವನ ಹಳೇ ಸ್ಕೂಟರಿನ ನಂಬರು 5564. ಅದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳನ್ನೆಲ್ಲ, 5564ನ್ನು ಮಾತ್ರ ಬಿಟ್ಟು, ಕೂಡಿದರೆ 5020 ಬರುತ್ತದಂತೆ. 5020ಕ್ಕೂ ಹಾಗೇ ಮಾಡಿದರೆ ತಿರುಗಿ 5564! ಇಂಥ ಜೋಡಿಗೆ ಸ್ನೇಹಸಂಖ್ಯೆ ಎಂದು ಹೆಸರು. ಸುಳ್ಳೆಂದು ಸಾಧಿಸಲು ಕ್ಯಾಲ್ಕುಲೇಟರ್ ಹಿಡಿದು ಕೂತೆ. ನಿಜವೇ ಆಗಿಬಿಟ್ಟಿತು, ಏನು ಮಾಡಲಿ?

ಒಮ್ಮೆ ಸಿಗ್ನಲ್ಲಿನಲ್ಲಿ 5020 ನಂಬರಿನ ಬೈಕು ಕಂಡಿತು. ಹಿಂದೆ ನಾನು ಕೂತಿರುವುದನ್ನೂ ಮರೆತು ಮಾವ ಅದರ ಬೆನ್ನು ಹತ್ತಿದರು. ಅಡ್ಡಗಟ್ಟಿ, "ಆಪ್ ಹಮಾರಾ ದೋಸ್ತ್ ಹೈ!" ಎಂದು ಕೈ ಚಾಚಿದರು. ಆ ಮನುಷ್ಯ ಗಡಿಬಿಡಿಯಿಂದ ಲೈಸೆನ್ಸ್ ತೆಗೆದು ಆ ಕೈಯಲ್ಲಿಟ್ಟ!

ಇಂಥವರನ್ನು ಕಟ್ಟಿಕೊಂಡವರು ನಮ್ಮತ್ತೆ. ತರಕಾರಿಗೂ ಭಜನೆಗೂ ಮಾವನ ಬೆನ್ನ ಹಿಂದೆಯೇ ಕೂತು ಸಾಕಾಗಿ, ಅರವತ್ತು ದಾಟಿದ ಮೇಲೆ ಹಟ ಹಿಡಿದು ಗಾಡಿ ಕಲಿತರು. ಕೆಂಪು ಸ್ಕೂಟರೂ ಬುಕ್ಕಾಯಿತು. ಆದರೆ ನಂಬರನ್ನು ತಾವೇ ಆರಿಸಬೇಕೆಂದು ಮಾವ ಡೆಲಿವರಿ ತಡೆದುಬಿಟ್ಟರು. ವಾರಗಳು ಉರುಳಿದರೂ ಗಾಡಿ ಶೋರೂಮಿನಲ್ಲೇ ನಿಂತಿತ್ತು.

"ನಾನು ಓಡಿಸೋದು ನಿಮಗಿಷ್ಟ ಇಲ್ಲ ಅನ್ನಿ. ನಂಬರಿನ ನೆಪ ಯಾಕ್ರೀ?" ಎಂದರು ಅತ್ತೆ. ಮಾವ ಗೇಟಿಗೆ ಹೋಗಿ ನಿಂತರು. ಅವತ್ತು ಅತ್ತೆ ಉರಿಬಿಸಿಲಿನಲ್ಲಿ ನಡೆದುಕೊಂಡೇ ಭಜನೆಗೆ ಹೋದರು. ನನಗೂ ಮಾವನ ಮೇಲೆ ಸಿಟ್ಟು ಬಂತು.

ಕೊನೆಗೂ ಗಾಡಿ ಮನೆಗೆ ಬಂತು. ನಂಬರು 5021. ಮಾವನ ಮುಖ ಮಾತ್ರ ಹರಳೆಣ್ಣೆ ಕುಡಿದಂತಿತ್ತು.

"5020 ಕೇಳಿದ್ದೆ ಕಣೇ, ನನ್ನ ಗಾಡಿಗೆ ನಿಂದು ಜೋಡಿಯಾಗ್ಲಿ ಅಂತ. ಈ ಹೊಸ ಸೀರೀಸಲ್ಲೂ ಅದನ್ನ ಬೇರೆ ಯಾರೋ ಹೊಡ್ಕೊಂಡ್ರು."

ಅತ್ತೆ ನಂಬರ್ ಪ್ಲೇಟಿನ ಮೇಲೆ ಬೆರಳಾಡಿಸಿದರು. ಆಮೇಲೆ ಮೆಲ್ಲಗೆ ಕೇಳಿದರು: "ಹೋಗ್ಲಿ ಬಿಡಿ. ಇದು ಯಾವ ಜಾತೀದು?"

"ಅವಿಭಾಜ್ಯ."

"ಅಯ್ಯೋ, ಮೋಟಾಭಾಯಿ ಜಾತಿ! ಯಾರ ಜೊತೆಗೂ ಸೇರಲ್ಲ ಅನ್ನಿ."

ಅತ್ತೆಯ ಕೈಗೆ ಹೆಲ್ಮೆಟ್ಟಿನ ಪಟ್ಟಿ ಸಿಗುತ್ತಿರಲಿಲ್ಲ. ಮಾವ ಹತ್ತಿರ ಹೋಗಿ, ಗಲ್ಲದ ಕೆಳಗೆ ಅದನ್ನು ಹಾಕಿಕೊಟ್ಟರು.

"ತನ್ನನ್ನ ಬಿಟ್ರೆ ಅದರ ಪಾಲಿಗೆ ಇರೋದು ಒಂದೇ ಒಂದು. ಆ ಒಂದು ನಾನು ಅಂದ್ಕೋ."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಗಾಡಿ ಏರಿದರು. ಹಿಂದಿನ ಸೀಟು ತಟ್ಟಿ ಹೇಳಿದರು: "ಹಾಗಾದ್ರೆ ಆ ಒಂದು ಇಲ್ಲಿ ಹತ್ತಿ ಕೂತ್ಕೊಳ್ಳಲಿ."